ತಣ್ಣೀರಿನ ಹರಕೆ

ಹೂಟಗಳ್ಳಿ, ಮೈಸೂರು
16 ನವೆಂಬರ್ 2004

ಲಾಸ್ಯಳ ಅಪ್ಪನಿಗೆ ಮಂಜುಳಳ ನಮಸ್ಕಾರ.

ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಬರೆದಿದ್ದೇನೆ ಅಂದುಕೊಳ್ಳಿ.

ಹಬ್ಬ ಮುಗಿಯಿತು. ನೀರು ತುಂಬುವ ದಿನ ಅತ್ತೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹೂ ಸುತ್ತಿ, ಮದುವಣಗಿತ್ತಿಯ ಹಾಗೆ ಮಾಡಿಬಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಲಾಸ್ಯಳಿಗೆ ತಾವೇ ಎಣ್ಣೆ ಹಚ್ಚಿ ನೀರು ಹಾಕಲು ಕೂತರು. ನೀರು ತೀರ ಸುಡುತ್ತಿದೆ ಅತ್ತೆ ಅಂದೆ. "ಹೆಣ್ಮಗು ಕಣವ್ವ, ಬಿಸಿಬಿಸಿಯಾಗೇ ಹುಯ್ಬೇಕು. ಹರಕೆ ಇರೋದು ಗಂಡುಮಕ್ಳಿಗೆ, ಇವ್ಳಿಗೇನು?" ಅಂದರು. ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಹಬ್ಬದ ದಿನ ನೀವು ನಡುಗುತ್ತಾ ತಣ್ಣೀರು ಸುರಿದುಕೊಳ್ಳುವುದನ್ನು ನೋಡಿ ನಾನು ನಕ್ಕಿದ್ದೆ. ಹುಟ್ಟಿದಾಗಿನಿಂದ ತಲೆಗೆ ಬಿಸಿನೀರು ಸೋಕಿಸದ ಗಂಡ ನನಗೆ ಸಿಕ್ಕಿದ್ದಾನೆ ಎಂದು ತವರಿನಲ್ಲಿ ಹೇಳಿಕೊಂಡಿದ್ದೂ ಉಂಟು.

ಎರಡನೆಯ ಚೊಂಬಿಗೇ ಮಗುವಿನ ಕಣ್ಣು ಮೇಲೆ ಹೋಯಿತು. ಫಿಟ್ಸ್. ಸ್ವಲ್ಪ ಹೊತ್ತು ಅಷ್ಟೆ. ಡಾಕ್ಟರು ಸಿರಪ್ ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ಎರಡೂ ಕಡೆಯ ಮನೆತನದಲ್ಲಿ ಯಾರಿಗಾದರೂ ಇದು ಇತ್ತೇ ಎಂದು ಮತ್ತೆ ಕೇಳಿದರು. ಅತ್ತೆ ಇಲ್ಲ ಅಂದರು, ನಾನೂ ಇಲ್ಲ ಅಂದೆ. ನೀವು ಗಾಬರಿಯಾಗಬೇಡಿ, ಮೈಮೇಲೆ ಎಚ್ಚರವಿಟ್ಟು ಕೆಲಸ ಮಾಡಿ.

ಮಂಜುಳ

*

ಹಿಮಾಚಲ, ಡ್ಯಾಮ್ ಸೈಟ್
2 ಡಿಸೆಂಬರ್ 2004

ಮಂಜು,

ನಿನ್ನ ಕಾಗದ ಬಂತು. ಫಿಟ್ಸ್ ಅಂದರೆ ಹೆದರಬೇಡ. ಲಾಸ್ಯ ಏಳು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ಮೊದಲ ಸಲ ಆದಾಗ ನಾನೇ ಎತ್ತಿಕೊಂಡು ಓಡಿರಲಿಲ್ಲವೇ? ಬೆಳೀತಾ ಬೆಳೀತಾ ಹೋಗುತ್ತೆ. ಡಾಕ್ಟರು ಹೇಳಿದಷ್ಟು ಔಷಧಿ ಹಾಕು, ನಿನ್ನ ಬುದ್ಧಿ ಓಡಿಸಬೇಡ.

ಇಲ್ಲಿ ಚಳಿ ಎಂದರೆ ಚಳಿ. ನಲ್ಲಿಯಲ್ಲಿ ನೀರೇ ಹೆಪ್ಪುಗಟ್ಟುತ್ತೆ. ನಮ್ಮ ನಂಜುಂಡಸ್ವಾಮಿ ಇದ್ದಾನಲ್ಲ, ಹೆಬ್ಬಾಳದ ಫ್ಯಾಕ್ಟರಿಯಿಂದ ನನ್ನ ಜೊತೆಗೇ ಬಂದ ವೆಲ್ಡರ್, ದಿನಾ ಬೆಳಿಗ್ಗೆ ಡ್ರಮ್ಮಿನಲ್ಲಿ ನೀರು ಕಾಯಿಸಿ "ಬಾರೋ ಸ್ವಾಮಿ, ಇಲ್ಲಿ ಯಾವ ದೇವ್ರೂ ನೋಡಲ್ಲ ಕಣೋ" ಎಂದು ಕರೆಯುತ್ತಾನೆ. ನಾನು ನಗುತ್ತೇನೆ. ಹರಕೆ ಎಂದರೆ ಹರಕೆ. ಕ್ರೇನಿನ ತುದಿಯಲ್ಲಿ ಕೂತು ಬೋಲ್ಟ್ ಬಿಗಿಯುವಾಗ ಕೆಳಗೆ ನದಿ ನೂಲಿನ ಹಾಗೆ ಕಾಣುತ್ತೆ. ಲಾಸ್ಯಳಿಗೆ ಹೇಳು, ಅವಳಪ್ಪ ಮೋಡದ ಮೇಲೆ ಕೆಲಸ ಮಾಡುತ್ತಾನೆ ಅಂತ. ಅವ್ವನನ್ನು ಕೇಳಿದೆ ಅನ್ನು.

ಮೃತ್ಯುಂಜಯ

*

ಹೂಟಗಳ್ಳಿ
20 ಡಿಸೆಂಬರ್ 2004

ರೀ,

ಹಬ್ಬದ ದಿನ ಸ್ವಲ್ಪ ಹೊತ್ತು ಎಂದು ಬರೆದಿದ್ದೆ. ಅದು ಸುಳ್ಳು. ಆಟೋ ನರ್ಸಿಂಗ್ ಹೋಂ ಮುಟ್ಟಿ, ಸೂಜಿ ಚುಚ್ಚುವವರೆಗೂ ನಿಂತಿರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನೀವು ಮೋಡದ ಮೇಲೆ ಕೂತಿರುವವರು, ಇದನ್ನು ಓದಿ ಕೈ ನಡುಗಿದರೆ ಎಂದು ಬರೆಯಲಿಲ್ಲ. ಈಗ ಬರೆಯದೆ ಇರಲು ಆಗುತ್ತಿಲ್ಲ.

ಮೊನ್ನೆ ಬಸ್ಸಿನಲ್ಲಿ ಆಯಿತು. ಜ್ವರವಿಲ್ಲ, ಬಿಸಿನೀರಿಲ್ಲ, ಏನೂ ಇಲ್ಲ. ಹೆಬ್ಬಾಳದ ಶಿಫ್ಟ್ ಮುಗಿಸಿದವರಿಂದ ಬಸ್ಸು ಕಿಕ್ಕಿರಿದಿತ್ತು. ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದವಳು ಮರದ ಹಾಗೆ ಸೆಟೆದಳು. ಯಾರೋ ಬೀಗದ ಕೈ ಗೊಂಚಲು ತೆಗೆದು ಅವಳ ಮುಷ್ಟಿಗೆ ತುರುಕಿದರು. ಯಾರೋ ಈರುಳ್ಳಿ ಅಂದರು, ಯಾರೋ ಚಪ್ಪಲಿ ಮೂಸಿಸಿ ಅಂದರು. ಒಬ್ಬ ಹೆಂಗಸು ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಆಚೆ ಸರಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ ಕಣ್ರೀ. ಅವಳ ಜಾಗದಲ್ಲಿದ್ದರೆ ನಾನೂ ಸರಿಯುತ್ತಿದ್ದೆ.

ಇನ್ನೊಂದು ವಿಷಯ. ಹೇಳಲು ಭಯ. ಮಾತ್ರೆ ಸೇರಿಸಿದ ಮೇಲೆ ಹೆಚ್ಚಾಗಿದೆ. ಮೊದಲು ಜ್ವರ ಬಂದಾಗ ಮಾತ್ರ ಬರುತ್ತಿತ್ತು, ಈಗ ದಿನಾ. ಹೆಚ್ಚಾಯಿತು ಎಂದರೆ ಡಾಕ್ಟರು ಮಾತ್ರೆ ಹೆಚ್ಚಿಸುತ್ತಾರೆ. ಮಾತ್ರೆ ಹೆಚ್ಚಿಸಿದರೆ ಅದೂ ಹೆಚ್ಚುತ್ತದೆ. "ಈ ಮಾತ್ರೆಯಿಂದಲೇ ಇರಬಹುದೇ ಸಾರ್" ಎಂದು ಕೇಳಬೇಕು ಎಂದು ಪ್ರತಿ ಸಲ ಹೋಗುತ್ತೇನೆ, ಕೇಳದೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಓದಿದವಳು ಡಾಕ್ಟರಿಗೆ ಪಾಠ ಹೇಳಲೇ? ನುಂಗಿಸುವಾಗ ಮಾತ್ರ ನನ್ನ ಕೈಯೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಅತ್ತೆ ಆ ದಿನದಿಂದ ಬಚ್ಚಲ ಕಡೆ ಬರುತ್ತಿಲ್ಲ. ಮಗುವಿಗೆ ನಾನು ಉಗುರುಬೆಚ್ಚಗೆ ನೀರು ಹಾಕುವಾಗ ಎದ್ದು ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ನನ್ನ ಮೇಲೆ ಮುನಿಸೇನೋ.

ಮಂಜುಳ

*

ಡ್ಯಾಮ್ ಸೈಟ್
14 ಜನವರಿ 2005

ಮಂಜು,

ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ, ಬಲಗೈ ಸ್ವಲ್ಪ ನೋವು. ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದು, ಬಿಸಿನೀರು ಭುಜದ ಮೇಲೆ ಚೆಲ್ಲಿ ಬೊಬ್ಬೆ ಬಂದಿದೆ. ಮುಲಾಮು ಹಚ್ಚುತ್ತಿದ್ದಾರೆ. ಒಳ್ಳೆಯ ಸುದ್ದಿ ಏನೆಂದರೆ ನನ್ನನ್ನು ಕ್ರೇನಿನಿಂದ ಇಳಿಸಿ ಸ್ಟೋರಿಗೆ ಹಾಕಿದ್ದಾರೆ. ಕುರ್ಚಿ, ಮೇಜು, ಹೀಟರು, ರಾಜನ ಹಾಗೆ ಇದ್ದೇನೆ.

ಮಗುವನ್ನು ಒಮ್ಮೆ ನಂಜನಗೂಡಿಗೆ ಕರೆದುಕೊಂಡು ಹೋಗು. ನನ್ನ ಹೆಸರಿನಲ್ಲಿ ತಪ್ಪುಕಾಣಿಕೆ ಹಾಕು. ಯಾಕೆ ಎಂದು ಕೇಳಬೇಡ. ಬಿದ್ದ ವಿಷಯ ಅವ್ವನಿಗೆ ಹೇಳಬೇಡ.

ಮೃತ್ಯುಂಜಯ

*

ಹೂಟಗಳ್ಳಿ
27 ಜನವರಿ 2005

ರೀ,

ಸ್ಟೋರಿಗೆ ಹಾಕಿದ್ದಾರೆ ಎಂದು ಓದಿ ಖುಷಿಯಾಗಿ, ಪಕ್ಕದ ಮನೆ ಸಾಕಮ್ಮನಿಗೆ ಬಡ್ತಿ ಸಿಕ್ಕಿತು ಎಂದು ಹೇಳಿ ಸಕ್ಕರೆಯನ್ನೂ ಕೊಟ್ಟೆ. ಆಮೇಲೆ ಕಾಗದ ತೆಗೆದು ಮತ್ತೆ ಓದಿದೆ.

ತಲೆಗೆ ತಣ್ಣೀರು ಬಿಟ್ಟು ಬೇರೆ ಕಾಣದ ನಿಮ್ಮ ಮೇಲೆ ಬಿಸಿನೀರು ಎಲ್ಲಿಂದ ಚೆಲ್ಲಿತು? ಕಾಲು ಜಾರಿದವನನ್ನು ಕ್ರೇನಿನಿಂದ ಯಾಕೆ ಇಳಿಸುತ್ತಾರೆ? ತಪ್ಪುಕಾಣಿಕೆ ಯಾವ ತಪ್ಪಿಗೆ? ನಾನು ನಂಜನಗೂಡಿಗೆ ಹೋಗಿ ಬಂದೆ. ಹುಂಡಿಯ ಮುಂದೆ ನಿಂತಾಗ, ಏನು ತಪ್ಪು ಎಂದು ಗೊತ್ತಿಲ್ಲದೆ ಕ್ಷಮೆ ಕೇಳುವುದು ಹೇಗೆ ಎಂದು ತಿಳಿಯದೆ ಸುಮ್ಮನೆ ಹಾಕಿ ಬಂದೆ.

ಬೇರೆ ಹೆಂಗಸು ಎಂದಾದರೂ ಹೇಳಿ, ಕುಡಿತ ಎಂದಾದರೂ ಹೇಳಿ, ತಡೆದುಕೊಳ್ಳುತ್ತೇನೆ. ದೂರದಲ್ಲಿ ಕೂತು ನನಗೆ ಊಹಿಸುವ ಕೆಲಸ ಕೊಡಬೇಡಿ. ಹಗಲೆಲ್ಲ ಮಗುವಿನ ಮುಖ ನೋಡುತ್ತಾ ಇನ್ನೇನು ಬರುತ್ತೆ, ಇನ್ನೇನು ಬರುತ್ತೆ ಎಂದು ಊಹಿಸಿಯೇ ನಾನು ಸುಸ್ತಾಗಿದ್ದೇನೆ. ಅವಳಿಗೆ ಬರುತ್ತಿದ್ದ ನಾಲ್ಕು ಮಾತೂ ಹೋಗುತ್ತಿವೆ. "ಅಪ್ಪ" ಎನ್ನುವುದು ನಿಂತಿದೆ.

ಮಂಜುಳ

*

ಡ್ಯಾಮ್ ಸೈಟ್
11 ಫೆಬ್ರವರಿ 2005

ಮಂಜು,

ಹೆಂಗಸೂ ಇಲ್ಲ, ಕುಡಿತವೂ ಇಲ್ಲ. ಅದಕ್ಕಿಂತ ಕೆಟ್ಟದ್ದು.

ದೀಪಾವಳಿಗೆ ಮುಂಚೆ, ಚಳಿ ಶುರುವಾದಾಗ, ನಂಜುಂಡಸ್ವಾಮಿಯ ಡ್ರಮ್ಮಿನಿಂದ ಒಂದು ಚೊಂಬು ತಲೆಗೆ ಹುಯ್ದುಕೊಂಡೆ. ಏನು ಸುಖ ಮಂಜು! ಸ್ವಲ್ಪ ಮಂಕು ಕವಿದ ಹಾಗಾಯಿತು, ಅಷ್ಟೇ. ಆಮೇಲೆ ಆಗಾಗ ಹುಯ್ದುಕೊಂಡೆ. ನಿನಗೆ ಹರಕೆ ಎಂದು ಬರೆದ ದಿನವೂ ಹುಯ್ದುಕೊಂಡಿದ್ದೆ. ಜನವರಿಯಲ್ಲಿ ಒಂದು ಬೆಳಿಗ್ಗೆ ನೀರು ಚೆನ್ನಾಗಿ ಕಾದಿತ್ತು. ಎರಡು ಮೂರು ಚೊಂಬು ಹುಯ್ದುಕೊಂಡದ್ದು ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಭುಜ ಬೆಂದಿತ್ತು, ನಾಲಗೆ ಕಚ್ಚಿ ಬಾಯಿ ತುಂಬ ರಕ್ತ. ನಂಜುಂಡಸ್ವಾಮಿ ಅಳುತ್ತಿದ್ದ. "ನೀನು ಒದ್ದಾಡಿದ್ ನೋಡಿ ಹೋಗ್ಬುಟ್ಟೆ ಅಂದ್ಕೊಂಡೆ ಕಣೋ" ಅಂದ. ಅವನೇ ಸೂಪರ್ವೈಸರಿಗೆ ಹೇಳಿ ನನ್ನನ್ನು ಕೆಳಗಿಳಿಸಿದ್ದು.

ಲೆಕ್ಕ ಹಾಕಿ ನೋಡು. ನಾನು ಹರಕೆ ಮುರಿದ ವಾರವೇ ಮಗುವಿಗೆ ಹೆಚ್ಚಾಗಿದ್ದು. ನಾನು ಮುರಿಯುತ್ತಾ ಹೋದ ಹಾಗೆ ಅವಳಿಗೆ ಏರುತ್ತಾ ಹೋಯಿತು. ನನ್ನನ್ನು ಬೀಳಿಸಿ ದೇವರು ಎಚ್ಚರಿಸಿದ್ದಾನೆ. ಇದು ಕಾಯಿಲೆಯಲ್ಲ, ಅದಕ್ಕೇ ಯಾವ ಔಷಧಿಯೂ ನಾಟುತ್ತಿಲ್ಲ. ಎಲ್ಲ ಮಾತ್ರೆ ನಿಲ್ಲಿಸಿಬಿಡು. ಈವತ್ತೇ ನಿಲ್ಲಿಸು. ಮಗುವನ್ನು ಮಠಕ್ಕೆ ಕರೆದುಕೊಂಡು ಹೋಗಿ ಪಾದಕ್ಕೆ ಹಾಕು. ನಾನು ಒಪ್ಪೊತ್ತು ಊಟ ಮಾಡುತ್ತಾ ತಣ್ಣೀರಲ್ಲೇ ಇರುತ್ತೇನೆ. ಮುನಿದ ದೇವರು ಒಲಿಯಲೇಬೇಕು.

ಮೃತ್ಯುಂಜಯ

*

ಹೂಟಗಳ್ಳಿ
24 ಫೆಬ್ರವರಿ 2005

ರೀ,

ಮಾತ್ರೆ ನಿಲ್ಲಿಸಿಲ್ಲ. ನಿಮ್ಮ ಮಾತು ಮೀರಿದ್ದು ಇದೇ ಮೊದಲು. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ನಾಲಗೆ ಕಚ್ಚಿಕೊಂಡೆ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಅದು ಲಾಸ್ಯಳದ್ದೇ. ನೆಲ, ಒದ್ದಾಟ, ನಾಲಗೆ, ಎದ್ದ ಮೇಲೆ ನೆನಪಿಲ್ಲದಿರುವುದು, ಎಲ್ಲವೂ ಅವಳದ್ದೇ. ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. ನೀವು ಹೇಳಬೇಡ ಅಂದದ್ದನ್ನೂ ಹೇಳಿಬಿಟ್ಟೆ.

ಅವರು ಸೊಪ್ಪು ಬಿಡಿಸುತ್ತಿದ್ದರು. ಬಿಡಿಸುತ್ತಲೇ ಹೇಳಿದರು. "ನಿನ್ ಗಂಡನ್ಗಿಂತ ಮುಂಚೆ ಒಂದು ಗಂಡಿತ್ತು ಕಣವ್ವ. ಸಿದ್ದಲಿಂಗ ಅಂತ. ಹಬ್ಬದ್ ದಿನ ಎಣ್ಣೆ ಒತ್ತಿ ಬಿಸಿನೀರ್ ಹುಯ್ತಿದ್ದೆ. ಕೈಯಾಗೇ ಸೆಟ್ಕೊಂಡ್ಬುಡ್ತು. ಮತ್ತೆ ಏಳ್ನಿಲ್ಲ." ನಿಮಗೆ ಅಣ್ಣ ಜ್ವರದಲ್ಲಿ ತೀರಿಕೊಂಡ ಎಂದು ಹೇಳಿದ್ದರಲ್ಲ, ಅದು ಹೀಗೆ. ಆಗ ನಿಮ್ಮ ತಂದೆ ಗುರುಮಲ್ಲಪ್ಪನವರು, ತಮಗೂ ಚಿಕ್ಕಂದಿನಲ್ಲಿ ತಲೆಗೆ ಬಿಸಿನೀರು ಬಿದ್ದರೆ ಮೈಮೇಲೆ ಬರುತ್ತಿತ್ತು, ಈ ಮನೆ ಗಂಡಸರ ತಲೆಗೆ ಬಿಸಿನೀರು ಹಾಕಿದರೆ ದೇವರಿಗೆ ಆಗುವುದಿಲ್ಲ ಅಂದರಂತೆ. ಅದಕ್ಕೇ ನೀವು ಹುಟ್ಟಿದ ಕೂಡಲೇ ಅತ್ತೆ ಹರಕೆ ಹೊತ್ತರು. "ಡಾಕ್ಟ್ರು ಕಾಯ್ಲೆ ಇತ್ತಾ ಅಂತ ಕೇಳುದ್ರು. ಕಾಯ್ಲೆ ಎಲ್ಲವ್ವ ಇತ್ತು? ಇದ್ದದ್ದು ಹರಕೆ" ಅಂದರು. ಅವರು ಮುಚ್ಚಿಟ್ಟಿರಲಿಲ್ಲ ಕಣ್ರೀ. ಅವರಿಗೆ ಅದು ಹಾಗೆಯೇ ಗೊತ್ತಿತ್ತು. ಆಮೇಲೆ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, "ಹೆಣ್ಣಿಗೆ ಬರಾಕಿಲ್ಲ ಅಂದ್ಕೊಂಡು ನಾನೇ ಹುಯ್ದ್ನಲ್ಲವ್ವ" ಎಂದು ಅತ್ತರು. ನಾನು ಅವರನ್ನು ಹಿಡಿದುಕೊಂಡೆ.

ಮರುದಿನ ಅವರನ್ನೂ ಕರೆದುಕೊಂಡು ನರ್ಸಿಂಗ್ ಹೋಂಗೆ ಹೋದೆ. ಅತ್ತೆ ಹೇಳುತ್ತಿದ್ದ ಹಾಗೆ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅಮ್ಮಾ, ಇದನ್ನೇ ನಾನು ಒಂದೂವರೆ ವರ್ಷದಿಂದ ಕೇಳ್ತಿರೋದು" ಅಂದರು. ಬೈಯಲಿಲ್ಲ. ಕೆಲವು ಮನೆತನದಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತದಂತೆ. ಅಪ್ಪನಿಗೆ ಒಂದು ಎಳೆಯಷ್ಟು ಇದ್ದದ್ದು ಮಗುವಿಗೆ ಹಗ್ಗದಷ್ಟಾಗಿ ಬರಬಹುದಂತೆ. ಮೆದುಳಿನ ನರಗಳಲ್ಲಿ ಉಪ್ಪಿನಂಶ ಒಳಗೆ ಹೋಗಲು ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಇಂಥ ಮಕ್ಕಳಲ್ಲಿ ಅವು ಹುಟ್ಟಿನಿಂದಲೇ ಸರಿಯಿರುವುದಿಲ್ಲ. ಮಾಮೂಲಿ ಮಾತ್ರೆಗಳು ಆ ಬಾಗಿಲನ್ನು ಇನ್ನಷ್ಟು ಮುಚ್ಚುತ್ತವೆ, ಅದಕ್ಕೇ ವಾಸಿಯಾಗುವ ಬದಲು ಹೆಚ್ಚಾಗುತ್ತಾ ಹೋಗುತ್ತದೆ ಅಂದರು. ಆಗ ನಾನು ಮೊದಲ ಸಲ ಬಾಯಿ ಬಿಟ್ಟೆ. "ನನಗೆ ಹಾಗೇ ಅನ್ನಿಸ್ತಿತ್ತು ಸಾರ್" ಅಂದೆ. "ಹೇಳ್ಬೇಕಿತ್ತಮ್ಮ" ಅಂದರು. ನನಗೆ ಭೂಮಿಗೆ ಇಳಿದು ಹೋದ ಹಾಗಾಯಿತು.

ಒಮ್ಮೆಗೇ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯವಂತೆ. ಕೇಳಿದಿರಾ? ನಿಮ್ಮ ಮಾತು ಕೇಳಿದ್ದರೆ ಅವಳು ಇರುತ್ತಿರಲಿಲ್ಲವೇನೋ. ಹಳೆಯದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಬೇರೆಯದನ್ನು ಏರಿಸುತ್ತಿದ್ದಾರೆ. ಪೂರ್ತಿ ನಿಲ್ಲುತ್ತದೆ ಎಂದು ಮಾತು ಕೊಡಲಾರೆ ಅಂದರು. ಇದು ಅದೇ ಹೌದೋ ಅಲ್ಲವೋ ಎಂದು ತಿಳಿಯಲು ಮಗುವಿನದು, ನನ್ನದು, ನಿಮ್ಮದು ಮೂವರ ರಕ್ತವನ್ನೂ ಬೆಂಗಳೂರಿನ ಸಂಶೋಧನೆಯವರಿಗೆ ಕಳಿಸಬೇಕಂತೆ. ನೀವು ಬರಬೇಕು. ಯಾರು ಏನೇ ಹೇಳಿದರೂ ಕ್ರೇನ್ ಹತ್ತಬೇಡಿ.

ಮಂಜುಳ

*

ಹೂಟಗಳ್ಳಿ
22 ಮಾರ್ಚ್ 2005

ರೀ,

ಒಂದು ಕಾಗದವೂ ಇಲ್ಲ. ಸೈಟ್ ಆಫೀಸಿಗೆ ಫೋನ್ ಮಾಡಿಸಿದೆ. ಇದ್ದಾರೆ, ಸ್ಟೋರಿನಲ್ಲಿದ್ದಾರೆ, ಕರೆದರೂ ಫೋನಿಗೆ ಬರಲಿಲ್ಲ ಅಂದರು. ಬದುಕಿದ್ದೀರಿ ಎಂದು ಗೊತ್ತಾಯಿತು. ಅಷ್ಟಕ್ಕೇ ನಾನು ಕೂತು ಅತ್ತುಬಿಟ್ಟೆ.

ಹೊಸ ಔಷಧಿಗೆ ಮಗು ತೂಗಾಡುತ್ತಾ ನಡೆಯುತ್ತಾಳೆ, ಊಟ ಬೇಡ ಅನ್ನುತ್ತಾಳೆ. ಆದರೆ ಫಿಟ್ಸ್ ದಿನಾ ಬರುತ್ತಿದ್ದದ್ದು ಮೊದಲು ದಿನ ಬಿಟ್ಟು ದಿನವಾಯಿತು, ಈಗ ಇನ್ನೂ ಅಂತರವಾಗಿ ಬರುತ್ತಿದೆ. ಹಳೆಯ ಸಿರಪ್, ಮಾತ್ರೆ ಎರಡೂ ಪೂರ್ತಿ ನಿಂತವು. ಬಾಟಲಿಯನ್ನು ಅತ್ತೆ ತಿಪ್ಪೆಗೆ ಎಸೆದು ಬಂದು ಕೈ ತೊಳೆದುಕೊಂಡರು.

ಡಾಕ್ಟರು ನಿಮ್ಮ ರಕ್ತ ಯಾವಾಗ ಎಂದು ಕೇಳುತ್ತಿದ್ದಾರೆ. ನಾನು ರಜೆ ಸಿಕ್ಕಿಲ್ಲ ಎನ್ನುತ್ತಿದ್ದೇನೆ. ನಿಮಗೆ ರಜೆ ಸಿಕ್ಕಿಲ್ಲವೋ, ನೀವು ಕೇಳಿಲ್ಲವೋ? ನಿಮ್ಮ ಮೇಲೆ ನಾನು ತಪ್ಪು ಹೊರಿಸಿದೆ ಎಂದುಕೊಂಡಿರಾ? ಹಾಗೆ ನಾನು ಬರೆಯಲಿಲ್ಲವಲ್ಲ.

ಮಂಜುಳ

*

ಡ್ಯಾಮ್ ಸೈಟ್
4 ಏಪ್ರಿಲ್ 2005

ಮಂಜು,

ನೀನು ಬರೆಯಲಿಲ್ಲ. ನಾನೇ ಓದಿಕೊಂಡೆ.

ನನಗೆ ಸೂಜಿಯ ಭಯ ಎಂದು ಒಂದು ಕಾಗದ ಬರೆದು ಹರಿದೆ. ಕೆಲಸ ಹೆಚ್ಚು ಎಂದು ಇನ್ನೊಂದು ಬರೆದು ಅದನ್ನೂ ಹರಿದೆ. ನಿಜ ಏನೆಂದರೆ ದೇವರು ಮುನಿದಿದ್ದಾನೆ ಎಂದು ನಂಬಿದ್ದಾಗ ನನಗೆ ಒಂದು ಧೈರ್ಯವಿತ್ತು. ಮುನಿದವರನ್ನು ಒಲಿಸಬಹುದು. ಉಪವಾಸ ಮಾಡಬಹುದು, ಕಾಲಿಗೆ ಬೀಳಬಹುದು, ಅತ್ತು ಕರೆಯಬಹುದು. ರಕ್ತದ ಕಾಲಿಗೆ ಹೇಗೆ ಬೀಳಲಿ? ಮಗು ನನ್ನ ಹಾಗೇ ಮೂಗು, ನನ್ನ ಹಾಗೇ ಕಿವಿ ಎಂದು ಎಷ್ಟು ಮೆರೆದಿದ್ದೆ ನಾನು. ಅದರ ಜೊತೆಗೇ ಇದನ್ನೂ ಕೊಟ್ಟಿದ್ದೇನೆ ಎಂದು ಒಂದು ಕಾಗದದಲ್ಲಿ ಅಚ್ಚಾಗಿ ಬಂದರೆ ಆಮೇಲೆ ಅವಳನ್ನು ಎತ್ತಿಕೊಳ್ಳುವುದು ಹೇಗೆ? ನನಗೆ ಭಯ ಮಂಜು. ಕ್ರೇನಿನ ತುದಿಯಲ್ಲೂ ಇಷ್ಟು ಭಯವಾಗಿರಲಿಲ್ಲ. ರಜೆ ಸಿಕ್ಕಿದೆ. ನಾನೇ ಕೇಳಲಿಲ್ಲ, ನಂಜುಂಡಸ್ವಾಮಿ ಹೋಗಿ ಕೇಳಿದ. ಇಪ್ಪತ್ತೈದನೇ ತಾರೀಕು ಹೊರಡಬಹುದಂತೆ. ಬರಲೋ ಬೇಡವೋ, ನೀನೇ ಹೇಳು.

ಮೃತ್ಯುಂಜಯ

*

ಹೂಟಗಳ್ಳಿ
14 ಏಪ್ರಿಲ್ 2005

ರೀ,

ಡಾಕ್ಟರನ್ನು ಕೇಳಿದೆ. ಕೆಲವು ಮಕ್ಕಳಲ್ಲಿ ಅದು ಅಪ್ಪನದೂ ಅಲ್ಲದೆ ಅಮ್ಮನದೂ ಅಲ್ಲದೆ ಹೊಸದಾಗಿಯೇ ಹುಟ್ಟುತ್ತದಂತೆ. ನಿಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದರೆ ನಿಮ್ಮಿಂದಲೇ ಬಂದಿರುವ ಸಂಭವ ಹೆಚ್ಚು ಅಂದರು. ನಿಮಗೆ ಸಮಾಧಾನ ಹೇಳಲು ಮೊದಲ ಮಾತನ್ನಷ್ಟೇ ಬರೆಯೋಣ ಎಂದುಕೊಂಡಿದ್ದೆ. ಇನ್ನು ಅರ್ಧ ಬರೆಯುವುದು ಬೇಡ. ನಿಮ್ಮಿಂದ ಬಂದದ್ದೇ ಆದರೂ ನೀವು ಕೈಯಾರೆ ಕೊಟ್ಟದ್ದಲ್ಲ. ನಿಮಗೂ ಯಾರೋ ಕೇಳದೆ ಕೊಟ್ಟರು.

ಈಗ ನನ್ನ ವಿಷಯ ಕೇಳಿ. ಲಾಸ್ಯಳಿಗೆ ಎರಡು ವಾರದ ಮೇಲಾಯಿತು, ಒಂದೂ ಬಂದಿಲ್ಲ. ಸಾಕಮ್ಮ ಪಾಯಸ ಮಾಡು ಅಂದರು. ನನಗೆ ಪಾಯಸ ಬೇಕಿಲ್ಲ. ದಿನಾ ಬರುತ್ತಿದ್ದಾಗ, ಬಂದು ಹೋಯಿತು ಎಂದು ಒಂದು ಗಳಿಗೆಯಾದರೂ ಉಸಿರು ಬಿಡುತ್ತಿದ್ದೆ. ಈಗ ಬರದೇ ಇರುವುದರಿಂದ ಉಸಿರು ಬಿಡಲು ಹೊತ್ತೇ ಇಲ್ಲ.

ನೆನ್ನೆ ಬೆಳಿಗ್ಗೆ ಬಚ್ಚಲಲ್ಲಿ ನಾನು ಟವೆಲ್ಲಿಗೆ ತಿರುಗಿದ್ದೆ. ಅವಳು ತಾನೇ ಚೊಂಬು ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ಉಗುರುಬೆಚ್ಚಗಿನ ನೀರೇ, ನಾನೇ ಬೆರೆಸಿದ್ದು. ನೀರು ಕಣ್ಣಿಗೆ ಇಳಿದು ನಕ್ಕಳು. ನಾನು ಚೀರಿಬಿಟ್ಟೆ. ಅತ್ತೆ ಬೀದಿಯಿಂದ ಓಡಿ ಬಂದರು. ಮಗುವಿನ ನಗು ಹಾಗೇ ನಿಂತುಹೋಯಿತು. ನೀರಿಗೆ ಹೆದರದವಳು ನನ್ನ ಮುಖ ನೋಡಿ ಹೆದರಿ, ಗೋಡೆಗೆ ಒತ್ತಿಕೊಂಡು, ನಡುಗುತ್ತಾ ಹೊಸ ಮಾತೊಂದನ್ನು ಆಡಿದಳು. "ಬೇಡ" ಅಂದಳು. ನಾನು ಹತ್ತಿರ ಹೋದರೆ ಮತ್ತೆ "ಬೇಡ". ಅತ್ತೆಯೇ ಬಚ್ಚಲೊಳಗೆ ಬಂದು ಎತ್ತಿಕೊಂಡರು.

ನಿಮ್ಮ ರಕ್ತದಿಂದ ಅವಳಿಗೆ ಏನು ಬಂತೋ ಬೆಂಗಳೂರಿನವರು ಹೇಳಲಿ. ನನ್ನ ಭಯ ಅವಳಿಗೆ ಹತ್ತುತ್ತಿರುವುದನ್ನು ನಾನು ಕಣ್ಣಾರೆ ನೋಡಿದೆ. ಅದಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕು. ನೀವು ಅವಳ ಹತ್ತಿರ ನಗುತ್ತಾ ಕೂತಿರಿ, ನಾನು ಹಿತ್ತಲಿಗೆ ಹೋಗಿ ಹೆದರಿಕೊಂಡು ಬರುತ್ತೇನೆ. ನಾನು ಬಂದ ಮೇಲೆ ನೀವು ಹೋಗಿ.

ಬನ್ನಿ.

ಮಂಜುಳ